ಇಫ್ ಹಾಕಿದ್ದೇನೆ, ಆದರೂ ಎಲ್ಲ ಹತ್ತಿಗೂ "ಖರೀದಿ ಇಲ್ಲ" ಅಂತಲೇ ಬರುತ್ತಿದೆ

ಗಂಜ್ ಹುಡುಗ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಮುಗಿದಿದೆ. ವೆಬ್ ಪೇಜಿಗೆ ಕೆಲಸ ಹೇಳುವ ಕೋಡ್ ಭಾಷೆ ಜಾವಾಸ್ಕ್ರಿಪ್ಟ್ ಕಲಿಯಲು ಶುರು ಮಾಡಿ ಒಂದೂವರೆ ತಿಂಗಳಾಯಿತು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡೇ.

ಹತ್ತಿ ಸೀಸನ್‌ನಲ್ಲಿ ದಿನಾ ನೂರು ಸಲ ಒಂದೇ ಪ್ರಶ್ನೆ. "ನನ್ನ ಹತ್ತಿ ಸಿಸಿಐನವರು ತಗೊಳ್ಳುತ್ತಾರಾ?" ಸಿಸಿಐ ಅಂದರೆ ಕೇಂದ್ರ ಸರ್ಕಾರದ ಹತ್ತಿ ನಿಗಮ. ಅವರ ಬೆಂಬಲ ಬೆಲೆ ಕೇಂದ್ರದಲ್ಲಿ ತೇವ 12 ಪರ್ಸೆಂಟ್ ದಾಟಿದರೆ ಖರೀದಿ ಇಲ್ಲ. ಅದಕ್ಕೆ ಒಂದು ಸಣ್ಣ ಪೇಜ್ ಮಾಡಿದೆ. ಮಾಯಿಶ್ಚರ್ ಮೀಟರಿನಲ್ಲಿ ಬಂದ ಅಂಕಿ ಹೊಡೆದರೆ ಉತ್ತರ ಬರಬೇಕು, ಅಷ್ಟೇ.

ಇಲ್ಲಿ ಓದಲು ಸುಲಭವಾಗಲಿ ಎಂದು ಕೋಡನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ಫೈಲಿನಲ್ಲಿ ಇಫ್ (ಹೀಗಿದ್ದರೆ), ಎಲ್ಸ್ (ಇಲ್ಲದಿದ್ದರೆ), ಲೆಟ್ (ಹೊಸ ಹೆಸರು ಇಡುವ ಪದ) ಎಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇವೆ. ವೇರಿಯಬಲ್ (ಅಂಕಿ, ಮಾತು ತುಂಬಿಡುವ ಡಬ್ಬಿ) ಹೆಸರು ಮಾತ್ರ ನಿಜವಾಗಿಯೂ ಕನ್ನಡದಲ್ಲಿವೆ.

ಮೊದಲು ಹೀಗೆ ಬರೆದಿದ್ದೆ:

ಇಫ್ (ತೇವ > 12); {
  ಮಾತು = "ಖರೀದಿ ಇಲ್ಲ";
} ಎಲ್ಸ್ {
  ಮಾತು = "ತಗೊಳ್ಳುತ್ತಾರೆ";
}

ಕನ್ಸೋಲ್‌ನಲ್ಲಿ (ಬ್ರೌಸರ್ ತಪ್ಪು ತೋರಿಸುವ ಜಾಗ) ಕೆಂಪು ಬಂತು. ಸಿಂಟ್ಯಾಕ್ಸ್ ಎರರ್, ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಎಲ್ಸ್. ಎಲ್ಸ್‌ನಲ್ಲೇ ತಪ್ಪಿದೆ ಎಂದುಕೊಂಡು ಎಲ್ಸ್ ಭಾಗವನ್ನೇ ತೆಗೆದೆ. "ತಗೊಳ್ಳುತ್ತಾರೆ" ಅನ್ನುವುದನ್ನು ಮೇಲೆ ಲೆಟ್ ಸಾಲಿನಲ್ಲೇ ಹಾಕಿದೆ. ಎರರ್ ಹೋಯಿತು. ಸರಿಯಾಯಿತು ಅಂತ ಅಂಗಡಿ ಫೋನಿನಲ್ಲಿ ಇಟ್ಟೆ.

ಮರುದಿನ ದೇವದುರ್ಗ ಕಡೆಯ ಒಬ್ಬ ರೈತರು ಟಂಟಂನಲ್ಲಿ ನಾಲ್ಕು ಅಂಡಿಗೆ (ಹತ್ತಿ ತುಂಬಿದ ದೊಡ್ಡ ಚೀಲ) ತಂದಿದ್ದರು. ಮೀಟರಿನಲ್ಲಿ 9 ಬಂತು. ಪೇಜಿನಲ್ಲಿ "ಖರೀದಿ ಇಲ್ಲ". ಅವರು ಒಂದು ಮಾತೂ ಆಡದೆ ತಾಡಪತ್ರಿ ಮತ್ತೆ ಕಟ್ಟಲು ಹೋದರು. ಅಷ್ಟರಲ್ಲಿ ನಮ್ಮ ಹಿರಿಯ ಗುಮಾಸ್ತರು ನೋಡಿ ತಡೆದರು. 9ಕ್ಕೆ ಯಾಕೆ ಹಾಗೆ ಬರುತ್ತದೆ ಎಂದು ನನ್ನನ್ನು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. 5 ಹಾಕಿದರೂ ಅದೇ, 20 ಹಾಕಿದರೂ ಅದೇ. ಕನ್ನಡ ಹೆಸರು ಇಟ್ಟಿದ್ದಕ್ಕೇ ಹೀಗಾಗುತ್ತಿದೆಯಾ? ದಯವಿಟ್ಟು ಯಾರಾದರೂ ಹೇಳಿ.

ಬಳ್ಳಾರಿ ಅಕ್ಕ

ತಮ್ಮಾ, ಮೊದಲು ಒಂದು ಮಾತು. ಕನ್ನಡ ಹೆಸರಿನಿಂದ ಏನೂ ಆಗಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯಬಲ್‌ಗೆ ಕನ್ನಡ ಅಕ್ಷರ ನಡೆಯುತ್ತದೆ. ತೇವ, ಮಾತು ಎರಡೂ ಸರಿಯಾದ ಹೆಸರುಗಳೇ. ಅದನ್ನು ಬದಲಾಯಿಸಲು ಹೋಗಬೇಡ.

ತಪ್ಪಿರುವುದು ಒಂದೇ ಚುಕ್ಕೆಯಲ್ಲಿ. ಮೊದಲ ಸಾಲಿನಲ್ಲಿ (ತೇವ > 12) ಆದ ಮೇಲೆ ಒಂದು ಸೆಮಿಕೋಲನ್ (;) ಇದೆ ನೋಡು. ಅದನ್ನು ತೆಗೆ.

ಯಾಕೆ ಅಂತ ಹೇಳುತ್ತೇನೆ. ಇದು ಗೊತ್ತಾದರೆ ಮುಂದೆ ಹತ್ತು ತಪ್ಪು ನಿನಗೇ ಕಾಣುತ್ತವೆ. ಸೆಮಿಕೋಲನ್ ಅಂದರೆ "ಇಲ್ಲಿಗೆ ಈ ಕೆಲಸ ಮುಗಿಯಿತು". ನೀನು ಬರೆದಿದ್ದನ್ನು ಬ್ರೌಸರ್ ಹೀಗೆ ಓದಿತು: ತೇವ 12ಕ್ಕಿಂತ ಜಾಸ್ತಿ ಇದ್ದರೆ, ಏನೂ ಮಾಡಬೇಡ. ಮುಗಿಯಿತು. ಆಮೇಲೆ ಒಂದು ಫ್ಲವರ್ ಬ್ರಾಕೆಟ್ ತೆರೆಯಿತು. ಅದಕ್ಕೂ ಮೇಲಿನ ಇಫ್‌ಗೂ ಸಂಬಂಧವೇ ಉಳಿದಿಲ್ಲ. ಒಳಗಿರುವುದು ಯಾವಾಗಲೂ ನಡೆಯುತ್ತದೆ. 5 ಇರಲಿ, 20 ಇರಲಿ.

ಅದಾದ ಮೇಲೆ ಎಲ್ಸ್ ಬಂತು. ಎಲ್ಸ್ ಒಂದು ಇಫ್‌ಗೆ ಅಂಟಿಕೊಂಡೇ ಬರಬೇಕು. ಇಲ್ಲಿ ಇಫ್ ಆಗಲೇ ಮುಗಿದುಹೋಗಿದೆ. "ಈ ಎಲ್ಸ್ ಯಾರದು?" ಎಂದು ಬ್ರೌಸರ್ ಕೇಳಿತು. ಆ ಕೆಂಪು ಅಕ್ಷರದ ಅರ್ಥ ಅಷ್ಟೇ. ಎಲ್ಸ್ ತಪ್ಪು ಅಂತ ಅದು ಹೇಳಲಿಲ್ಲ. ಎಲ್ಸ್ ಹತ್ತಿರ ಬರುವ ಹೊತ್ತಿಗೆ ತನಗೆ ದಾರಿ ತಪ್ಪಿದೆ ಅಂತ ಹೇಳಿತು. ಎರರ್ ತೋರಿಸುವ ಸಾಲು ಬ್ರೌಸರ್ ನಿಂತುಹೋದ ಜಾಗ. ಎಡವಿದ ಕಲ್ಲು ಸಾಮಾನ್ಯವಾಗಿ ಅದರ ಹಿಂದೆ ಇರುತ್ತದೆ. ಎರರ್ ಬಂದಾಗ ಆ ಪದದ ಮೇಲೆ ಬೆರಳಿಟ್ಟು ಹಿಂದಕ್ಕೆ ಓದುತ್ತಾ ಹೋಗು.

ನನಗೆ ಹೆಚ್ಚು ಬೇಜಾರಾಗಿದ್ದು ನೀನು ಎಲ್ಸ್ ತೆಗೆದಿದ್ದು. ಆ ಎರರ್ ನಿನಗೆ ಸಹಾಯ ಮಾಡಲು ಬಂದಿತ್ತು. ಎಲ್ಸ್ ಇರುವ ತನಕ ಪೇಜ್ ನಡೆಯುತ್ತಲೇ ಇರಲಿಲ್ಲ, ಆ ರೈತರಿಗೆ ಸುಳ್ಳು ಉತ್ತರ ಹೋಗುತ್ತಲೂ ಇರಲಿಲ್ಲ. ಎಲ್ಸ್ ತೆಗೆದ ಮೇಲೆ ತಪ್ಪು ಉಳಿಯಿತು, ಕೂಗುವವರು ಹೋದರು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬಳ್ಳಾರಿಯಲ್ಲಿ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಕೂಲಿ ಲೆಕ್ಕ ನೋಡುತ್ತೇನೆ. ಹೊಲಿಯುವವರಿಗೆ ಪೀಸ್ ಲೆಕ್ಕದಲ್ಲಿ ಕೂಲಿ. 28 ಸೈಜ್ ಪ್ಯಾಂಟಿಗೆ ಒಂದು ದರ, ಅದಕ್ಕಿಂತ ದೊಡ್ಡದಕ್ಕೆ ಸ್ವಲ್ಪ ಜಾಸ್ತಿ. ಮೂರು ವರ್ಷದ ಹಿಂದೆ ನಾನು ಬರೆದ ಸಾಲು ಇದು:

ಇಫ್ (ಸೈಜ್ = 28) {
  ದರ = ಸಣ್ಣದರ;
}

ಒಂದೇ ಒಂದು ಸಮ ಚಿಹ್ನೆ. ಒಂದು ಸಮ ಚಿಹ್ನೆ ಹೋಲಿಸುವುದಿಲ್ಲ, ತುಂಬುತ್ತದೆ. ಸೈಜ್ ಎಷ್ಟೇ ಇದ್ದರೂ ಅದು 28 ಆಗುತ್ತಿತ್ತು. 28 ಸೊನ್ನೆ ಅಲ್ಲದ ಅಂಕಿ, ಹಾಗಾಗಿ ಷರತ್ತು ಯಾವಾಗಲೂ ನಿಜ. ಕೆಂಪು ಇಲ್ಲ, ಹಳದಿ ಇಲ್ಲ, ಏನೂ ಇಲ್ಲ. ವಾರದ ಬಟವಾಡೆ ದಿನ 34, 36 ಸೈಜ್ ಹೊಲಿದವರ ಕೈಗೂ ಸಣ್ಣ ದರವೇ ಹೋಯಿತು. ಒಬ್ಬ ಅಮ್ಮ ನಿಧಾನಕ್ಕೆ ಬಂದು "ಈ ವಾರ ಕಮ್ಮಿ ಬಂತಲ್ಲಮ್ಮಾ" ಎಂದರು. ಅವರು ತಮ್ಮ ಪೀಸುಗಳನ್ನು ಬೀಡಿ ಕಟ್ಟಿನ ಹಾಳೆಯ ಹಿಂದೆ ಗೀಟು ಹಾಕಿ ಬರೆದಿಟ್ಟಿದ್ದರು. ಅವರ ಲೆಕ್ಕ ಸರಿ ಇತ್ತು. ನನ್ನದು ತಪ್ಪಿತ್ತು. ಸೋಮವಾರ ಎಲ್ಲರಿಗೂ ಬಾಕಿ ಕೊಡಿಸಿದೆ. ಅವತ್ತಿನಿಂದ ಹೋಲಿಸುವಾಗ ಮೂರು ಸಮ ಚಿಹ್ನೆ ಬಿಟ್ಟು ಬೇರೆ ಬರೆದಿಲ್ಲ. ಸೈಜ್ === 28.

ನಿನ್ನ ಕೋಡ್ ಹೀಗಿರಲಿ:

ಇಫ್ (ತೇವ > 12) {
  ಮಾತು = "ಖರೀದಿ ಇಲ್ಲ";
} ಎಲ್ಸ್ {
  ಮಾತು = "ತಗೊಳ್ಳುತ್ತಾರೆ";
}

ಇಫ್ ಸಾಲಿನ ಕೊನೆಗೆ ಸೆಮಿಕೋಲನ್ ಬೇಡ. ಒಳಗಿನ ಸಾಲುಗಳಿಗೆ ಬೇಕು. ಹಾಕಿ ನೋಡಿ ಹೇಳು.

ಗಂಜ್ ಹುಡುಗ, ರಾಯಚೂರು

ಅಕ್ಕಾ, ಸರಿಹೋಯಿತು! 9ಕ್ಕೆ "ತಗೊಳ್ಳುತ್ತಾರೆ", 13ಕ್ಕೆ "ಖರೀದಿ ಇಲ್ಲ". ತುಂಬಾ ಥ್ಯಾಂಕ್ಸ್. ಆ ಹೊಲಿಗೆ ಅಮ್ಮನ ಮಾತು ಓದಿ ನಮ್ಮ ಅವ್ವ ನೆನಪಾದಳು. ಅವಳೂ ಹತ್ತಿ ಬಿಡಿಸಿದ ಕೂಲಿಯನ್ನು ಗೋಡೆ ಮೇಲೆ ಗೀಟು ಹಾಕಿ ಇಡುತ್ತಾಳೆ.

ಆದರೆ ಇನ್ನೊಂದು ತೊಂದರೆ ಶುರುವಾಗಿದೆ. ಸಿಸಿಐನಲ್ಲಿ 8 ಪರ್ಸೆಂಟ್ ತನಕ ಪೂರ್ತಿ ಬೆಲೆ. 8 ದಾಟಿ 12ರ ತನಕ, ಜಾಸ್ತಿ ಇರುವ ಒಂದೊಂದು ಪರ್ಸೆಂಟ್‌ಗೂ ಬೆಲೆಯಲ್ಲಿ ಒಂದೊಂದು ಪರ್ಸೆಂಟ್ ಕಡಿತ. ಅದನ್ನೂ ಸೇರಿಸೋಣ ಎಂದು ಹೀಗೆ ಬರೆದೆ:

ಇಫ್ (ತೇವ > 8) {
  ಮಾತು = "ಕಡಿತ ಇದೆ";
} ಎಲ್ಸ್ (ತೇವ > 12) {
  ಮಾತು = "ಖರೀದಿ ಇಲ್ಲ";
}

ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಅಂತ ಬಂತು, ಮುಂದೆ ಫ್ಲವರ್ ಬ್ರಾಕೆಟ್ ತೋರಿಸಿತು. ಈ ಸಲ ಏನೂ ತೆಗೆಯಲಿಲ್ಲ, ನೀವು ಹೇಳಿದ ಹಾಗೆ. ಪಕ್ಕದ ಅಂಗಡಿಯ ಗೆಳೆಯ ನೋಡಿ "ಆ ಬ್ರಾಕೆಟ್ಟನ್ನು ಕೆಳಗಿನ ಸಾಲಿಗೆ ಹಾಕು" ಎಂದ. ಎಂಟರ್ ಹೊಡೆದೆ. ಎರರ್ ಹೋಯಿತು. ಆದರೆ ಮತ್ತೆ ಎಲ್ಲದಕ್ಕೂ "ಖರೀದಿ ಇಲ್ಲ". ಬರೀ ಎಂಟರ್ ಹೊಡೆದರೆ ಹೀಗಾಗುತ್ತದಾ?

ಬಳ್ಳಾರಿ ಅಕ್ಕ

ಆಗುತ್ತದೆ ತಮ್ಮಾ. ನಿನ್ನ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾನೆ. ಆದರೆ ಆ ಎಂಟರ್ ಮೊದಲಿನ ಸೆಮಿಕೋಲನ್ನನ್ನೇ ಮತ್ತೆ ತಂದು ಕೂರಿಸಿತು. ಈ ಸಲ ನೀನು ಬರೆಯಲಿಲ್ಲ, ಜಾವಾಸ್ಕ್ರಿಪ್ಟ್ ತಾನೇ ಹಾಕಿಕೊಂಡಿತು.

ಎಲ್ಸ್ ಆದ ಮೇಲೆ ಷರತ್ತು ಬರೆಯುವ ಹಾಗಿಲ್ಲ. ಎಲ್ಸ್ ಅಂದರೆ "ಉಳಿದಿದ್ದೆಲ್ಲಾ", ಅದಕ್ಕೆ ಷರತ್ತು ಎಲ್ಲಿಂದ ಬರಬೇಕು? ಷರತ್ತು ಬೇಕಿದ್ದರೆ ಎಲ್ಸ್ ಇಫ್ ಎಂದು ಎರಡು ಪದ ಬರೆಯಬೇಕು, ನಡುವೆ ಜಾಗ ಬಿಟ್ಟು. ನೀನು ಎಲ್ಸ್ (ತೇವ > 12) ಎಂದು ಬರೆದಾಗ, ಆ ದುಂಡು ಬ್ರಾಕೆಟ್ಟೇ ಎಲ್ಸ್‌ನ ಕೆಲಸ ಆಯಿತು. ಅಂದರೆ "ಇಲ್ಲದಿದ್ದರೆ, ತೇವ 12ಕ್ಕಿಂತ ಜಾಸ್ತಿಯಾ ಎಂದು ಸುಮ್ನೆ ನೋಡಿ ಬಿಟ್ಟುಬಿಡು". ಅದರ ಬೆನ್ನಿಗೇ ಅದೇ ಸಾಲಿನಲ್ಲಿ ಫ್ಲವರ್ ಬ್ರಾಕೆಟ್ ಬಂದರೆ ಅರ್ಥವಾಗುವುದಿಲ್ಲ, ಎರರ್ ಕೊಡುತ್ತದೆ. ಅದೇ ಬ್ರಾಕೆಟ್ ಕೆಳಗಿನ ಸಾಲಿಗೆ ಹೋದರೆ? ಒಂದು ಸಾಲು ಮುಗಿದು, ಮುಂದಿನ ಸಾಲಿನ ಮೊದಲ ಚಿಹ್ನೆ ಹಿಂದಿನದಕ್ಕೆ ಹೊಂದದೇ ಹೋದರೆ, ಜಾವಾಸ್ಕ್ರಿಪ್ಟ್ ನಡುವೆ ತಾನೇ ಒಂದು ಸೆಮಿಕೋಲನ್ ಇದೆ ಎಂದುಕೊಳ್ಳುತ್ತದೆ. ಅಲ್ಲಿಗೆ ಎಲ್ಸ್ ಮುಗಿಯಿತು. ಕೆಳಗಿನ ಬ್ರಾಕೆಟ್ ಒಂಟಿಯಾಗಿ ಉಳಿಯಿತು. ಒಂಟಿ ಬ್ರಾಕೆಟ್ ಒಳಗಿರುವುದು ಯಾವಾಗಲೂ ನಡೆಯುತ್ತದೆ ಅಂತ ನಿನಗೆ ಆಗಲೇ ಗೊತ್ತು.

ಇದಕ್ಕೇ ನಾನು ಫ್ಲವರ್ ಬ್ರಾಕೆಟ್ಟನ್ನು ಯಾವತ್ತೂ ಅದೇ ಸಾಲಿನಲ್ಲಿ ತೆರೆಯುತ್ತೇನೆ. ಕೆಳಗೆ ತೆರೆಯುವುದು ತಪ್ಪಲ್ಲ, ಎಷ್ಟೋ ಜನ ಹಾಗೆ ಬರೆಯುತ್ತಾರೆ. ಆದರೆ ಮೇಲೆ ತೆರೆದರೆ ಈ ತಪ್ಪು ಕೂಗಿ ಹೇಳುತ್ತದೆ, ಕೆಳಗೆ ತೆರೆದರೆ ಬಾಯಿ ಮುಚ್ಚಿಕೊಂಡಿರುತ್ತದೆ. ಹೊಸದಾಗಿ ಕಲಿಯುವವರಿಗೆ ಕೂಗುವುದೇ ಒಳ್ಳೆಯದು.

ಈಗ ಎಲ್ಸ್ ಇಫ್ ಹಾಕಿದರೂ ನಿನ್ನ ಕೋಡ್ ಸರಿಯಾಗುವುದಿಲ್ಲ. 14 ಹಾಕಿ ಯೋಚನೆ ಮಾಡು. 14 ಎಂಟಕ್ಕಿಂತ ಜಾಸ್ತಿ, ಅಲ್ವಾ? ಮೊದಲ ಬಾಗಿಲಲ್ಲೇ ಒಳಗೆ ಹೋಗುತ್ತದೆ, "ಕಡಿತ ಇದೆ" ಎನ್ನುತ್ತದೆ. 12ರ ಬಾಗಿಲ ತನಕ ಯಾರೂ ಬರುವುದೇ ಇಲ್ಲ. ಭತ್ತ ಜರಡಿ ಹಿಡಿಯುವಾಗ ದೊಡ್ಡ ಕಣ್ಣಿನದು ಮೇಲೆ, ಸಣ್ಣ ಕಣ್ಣಿನದು ಕೆಳಗೆ ಇಡುತ್ತೇವೆ. ಇಲ್ಲೂ ಹಾಗೇ, 12 ಮೇಲೆ, 8 ಕೆಳಗೆ.

ಇಫ್ (ತೇವ > 12) {
  ಮಾತು = "ಖರೀದಿ ಇಲ್ಲ";
} ಎಲ್ಸ್ ಇಫ್ (ತೇವ > 8) {
  ಮಾತು = "ಕಡಿತ ಇದೆ";
} ಎಲ್ಸ್ {
  ಮಾತು = "ಪೂರ್ತಿ ಬೆಲೆ";
}

ಮುನಿರಾಬಾದ್ ಮೇಷ್ಟ್ರು, ಕೊಪ್ಪಳ

ಅಕ್ಕಾರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಎರಡು ಮಾತು ಸೇರಿಸುತ್ತೇನೆ, ಯಾಕೆಂದರೆ ನಮ್ಮ ಹುಡುಗರು ಈ ಹಂತ ದಾಟಿದ ತಕ್ಷಣ ಇವುಗಳಲ್ಲೇ ಬೀಳುತ್ತಾರೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಊರಲ್ಲಿ ಎಲ್ಲರ ಬಾಯಲ್ಲೂ ನೀರಿನ ಮಟ್ಟದ್ದೇ ಮಾತು. ಆ ವರ್ಷ ಶಾಲೆ ಮಕ್ಕಳಿಗೆ ಅದನ್ನೇ ಪಾಠ ಮಾಡಿಕೊಂಡೆ. ಡ್ಯಾಮಿನ ಪೂರ್ತಿ ಮಟ್ಟ 1633 ಅಡಿ. 1630ರಿಂದ 1633ರ ನಡುವೆ ಇದ್ದರೆ "ತುಂಬುತ್ತಾ ಬಂತು" ಎಂದು ತೋರಿಸಿ ಎಂದೆ. ಒಂಬತ್ತನೇ ಕ್ಲಾಸಿನ ಹುಡುಗಿ ಬರೆದದ್ದು:

ಇಫ್ (1630 < ಮಟ್ಟ < 1633)

ಗಣಿತದ ನೋಟ್‌ಬುಕ್ಕಿನಲ್ಲಿ ಇದು ಪೂರ್ತಿ ಸರಿ. ಎರರ್ ಕೂಡ ಬರಲಿಲ್ಲ. ಆದರೆ 1600 ಅಡಿ ಹಾಕಿದರೂ "ತುಂಬುತ್ತಾ ಬಂತು" ಎಂದಿತು. ಜಾವಾಸ್ಕ್ರಿಪ್ಟ್ ಎಡದಿಂದ ಒಂದೊಂದೇ ಹೋಲಿಸುತ್ತದೆ. 1630 < 1600 ಸುಳ್ಳು. ಅಂಕಿಯ ಜೊತೆ ಹೋಲಿಸುವಾಗ ಸುಳ್ಳು ಅಂದರೆ 0, ನಿಜ ಅಂದರೆ 1. ಈಗ 0 < 1633, ನಿಜ. 1 ಇದ್ದರೂ ನಿಜ. ಏನೇ ಹಾಕಿದರೂ ನಿಜ. ನಿಮ್ಮ ಹತ್ತಿಯಲ್ಲಿ 8 < ತೇವ < 12 ಎಂದು ಬರೆದರೂ ಇದೇ ಕಥೆ. ಎರಡು ಹೋಲಿಕೆ ಬೇರೆ ಬೇರೆ ಬರೆದು ನಡುವೆ && (ಅಂದರೆ "ಮತ್ತು") ಹಾಕಬೇಕು: ತೇವ > 8 && ತೇವ <= 12.

ಎರಡನೆಯದು, >= ಬರೆಯುವ ಬದಲು => ಬರೆಯುವುದು. ಇಫ್ (ತೇವ => 12) ಅಂತ. "ಸಮ ಅಥವಾ ಜಾಸ್ತಿ" ಎಂದು ಬಾಯಲ್ಲಿ ಹೇಳಿಕೊಂಡು ಬರೆಯುವ ಮಕ್ಕಳಿಗೆ ಸಮ ಚಿಹ್ನೆಯೇ ಮೊದಲು ಬರುತ್ತದೆ. 2015ರಲ್ಲಿ ಜಾವಾಸ್ಕ್ರಿಪ್ಟ್‌ಗೆ ಆರೋ ಫಂಕ್ಷನ್ (ಫಂಕ್ಷನ್ ಅಂದರೆ ಒಂದು ಕೆಲಸಕ್ಕೆ ಕಟ್ಟಿಟ್ಟ ಕೋಡು, ಅದನ್ನು ಚಿಕ್ಕದಾಗಿ ಬರೆಯುವ ರೀತಿ ಇದು) ಬಂದ ಮೇಲೆ => ಒಂದು ಸರಿಯಾದ ಗುರುತು. ಬ್ರೌಸರ್ ಅದನ್ನು ಫಂಕ್ಷನ್ ಎಂದು ಓದುತ್ತದೆ, ಫಂಕ್ಷನ್ ಇಫ್ ಒಳಗೆ ಯಾವಾಗಲೂ ನಿಜ. ಇದನ್ನು ಮಕ್ಕಳ ಕೋಡಿನಲ್ಲಿ ಹುಡುಕಲು ನನಗೆ ಒಂದು ಪೂರ್ತಿ ಪೀರಿಯಡ್ ಹಿಡಿಯಿತು.

ಉಳಿದ ಸಣ್ಣಪುಟ್ಟವು ಕೂಗಿ ಹೇಳುತ್ತವೆ, ಹೆದರಬೇಕಿಲ್ಲ. ಇಫ್‌ನ ಮೊದಲ ಅಕ್ಷರ ದೊಡ್ಡದಾದರೆ ಎರರ್ (ಫೋನಿನ ಕೀಬೋರ್ಡ್ ತಾನೇ ದೊಡ್ಡದು ಮಾಡಿಬಿಡುತ್ತದೆ). ಎಲ್ಸ್ ಇಫ್ ಅನ್ನು ಸೇರಿಸಿ ಒಂದೇ ಪದ ಮಾಡಿದರೂ ಎರರ್. ವರ್ಡ್‌ನಲ್ಲಿ ಬರೆದು ತಂದರೆ ಉದ್ಧರಣ ಚಿಹ್ನೆ ಬಾಗಿರುತ್ತದೆ, ಅದಕ್ಕೂ ಎರರ್. "ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಇನ್‌ಪುಟ್" ಎಂದರೆ ಎಲ್ಲೋ ಒಂದು ಬ್ರಾಕೆಟ್ ಮುಚ್ಚಿಲ್ಲ.

ಗಂಜ್ ಹುಡುಗ, ರಾಯಚೂರು

ಮೇಷ್ಟ್ರೇ, ನಮಸ್ಕಾರ. 8 < ತೇವ < 12 ಅನ್ನು ನಾನು ಬರೆಯುವವನೇ ಇದ್ದೆ, ನಿಜವಾಗಿ.

ಅಕ್ಕಾ, ಈಗ ಅಂಕಿ ಹಾಕಿದರೆ ಎಲ್ಲ ಸರಿ ಬರುತ್ತಿದೆ. ಆದರೆ ಏನೂ ಬರೆಯದೆ ಬಟನ್ ಒತ್ತಿದರೆ "ಪೂರ್ತಿ ಬೆಲೆ" ಅನ್ನುತ್ತದೆ. ನಮ್ಮ ಹಿರಿಯ ಗುಮಾಸ್ತರು ಕನ್ನಡ ಅಂಕಿಯಲ್ಲಿ ೧೪ ಎಂದು ಹೊಡೆದರು, ಅದಕ್ಕೂ "ಪೂರ್ತಿ ಬೆಲೆ". ಇದು ಆ ರೈತರ ವಿಷಯಕ್ಕಿಂತ ದೊಡ್ಡ ತಪ್ಪು ಅನಿಸುತ್ತಿದೆ. ಇಲ್ಲದ ದರ ನಂಬಿಕೊಂಡು ಬಾಡಿಗೆ ಗಾಡಿಯಲ್ಲಿ ಕೇಂದ್ರದ ತನಕ ಹೋಗಿ ವಾಪಸ್ ಬಂದರೆ ಯಾರು ಹೊಣೆ?

ಬಳ್ಳಾರಿ ಅಕ್ಕ

ನಿನ್ನ ಗುಮಾಸ್ತರಿಗೆ ನನ್ನ ನಮಸ್ಕಾರ ಹೇಳು. ಎಂಥ ಒಳ್ಳೆಯ ಪರೀಕ್ಷೆ ಮಾಡಿದ್ದಾರೆ!

ಖಾಲಿ ಬಾಕ್ಸನ್ನು ನಂಬರ್ ಮಾಡಿದರೆ 0 ಆಗುತ್ತದೆ. 0 ಎಂಟಕ್ಕಿಂತ ಕಮ್ಮಿ, ಪೂರ್ತಿ ಬೆಲೆ. ಕನ್ನಡ ಅಂಕಿಯನ್ನು ಜಾವಾಸ್ಕ್ರಿಪ್ಟ್ ಅಂಕಿ ಎಂದು ಓದುವುದಿಲ್ಲ, "ನ್ಯಾನ್" ಕೊಡುತ್ತದೆ, ಅಂದರೆ ಅಂಕಿಯಲ್ಲ ಅಂತ. ನ್ಯಾನ್ 12ಕ್ಕಿಂತ ಜಾಸ್ತಿಯಾ? ಸುಳ್ಳು. 8ಕ್ಕಿಂತ ಜಾಸ್ತಿಯಾ? ಅದೂ ಸುಳ್ಳು. ಎಲ್ಲ ಬಾಗಿಲೂ ಮುಚ್ಚಿದರೆ ಕೊನೆಗೆ ಎಲ್ಸ್‌ಗೆ ಬಂದು ಬೀಳುತ್ತದೆ. ನಿನ್ನ ಎಲ್ಸ್‌ನಲ್ಲಿ ಪೂರ್ತಿ ಬೆಲೆ ಕುಳಿತಿದೆ.

ಗೊತ್ತಿಲ್ಲದ್ದೆಲ್ಲ ಬಂದು ಬೀಳುವ ಜಾಗ ಎಲ್ಸ್. ಅಲ್ಲಿ ದುಡ್ಡಿನ ಮಾತು ಇಡಬೇಡ. ಪೂರ್ತಿ ಬೆಲೆಗೂ ಒಂದು ಷರತ್ತು ಬರೆ, ಎಲ್ಸ್‌ನಲ್ಲಿ "ಮತ್ತೆ ಬರೆಯಿರಿ" ಎಂದಿಡು. ತೇವ ಯಾವತ್ತೂ ಸೊನ್ನೆ ಇರುವುದಿಲ್ಲ, ಹಾಗಾಗಿ 0ಕ್ಕಿಂತ ಜಾಸ್ತಿ ಎಂದು ಕೇಳಿದರೆ ಖಾಲಿ ಬಾಕ್ಸೂ ಹೊರಗೆ ಹೋಗುತ್ತದೆ.

ಗಂಜ್ ಹುಡುಗ, ರಾಯಚೂರು

ಮಾಡಿದೆ. ಯಾರಿಗಾದರೂ ಬೇಕಾಗಬಹುದು ಎಂದು ಪೂರ್ತಿ ಹಾಕುತ್ತಿದ್ದೇನೆ. ದರ 2025-26ರ ಉದ್ದ ಎಳೆ ಹತ್ತಿಯದು, ಕ್ವಿಂಟಲ್‌ಗೆ 8110 ರೂಪಾಯಿ.

ಲೆಟ್ ತೇವ = ನಂಬರ್(ಬಾಕ್ಸ್.ವ್ಯಾಲ್ಯೂ);
ಲೆಟ್ ದರ = 8110;
ಲೆಟ್ ಮಾತು;

ಇಫ್ (ತೇವ > 12) {
  ಮಾತು = "ಖರೀದಿ ಇಲ್ಲ, ಒಣಗಿಸಿ ತನ್ನಿ";
} ಎಲ್ಸ್ ಇಫ್ (ತೇವ > 8) {
  ದರ = ದರ - ದರ * (ತೇವ - 8) / 100;
  ಮಾತು = "ಅಂದಾಜು ದರ " + ದರ.ಟುಫಿಕ್ಸ್ಡ್(2);
} ಎಲ್ಸ್ ಇಫ್ (ತೇವ > 0) {
  ಮಾತು = "ಪೂರ್ತಿ ದರ " + ದರ;
} ಎಲ್ಸ್ {
  ಮಾತು = "ಅಂಕಿ ಸರಿ ಇಲ್ಲ, ಮತ್ತೆ ಬರೆಯಿರಿ";
}

ಗುಮಾಸ್ತರ ಜೊತೆ ಕೂತು ಒಂದೊಂದೇ ಹಾಕಿ ನೋಡಿದೆವು. 7ಕ್ಕೆ 8110. 8ಕ್ಕೂ 8110. 10ಕ್ಕೆ 7947.80. 12ಕ್ಕೆ 7785.60. 12.1ಕ್ಕೆ ಖರೀದಿ ಇಲ್ಲ. ಖಾಲಿ ಬಿಟ್ಟರೆ, ೧೪ ಹೊಡೆದರೆ, "ಮತ್ತೆ ಬರೆಯಿರಿ". ಎಲ್ಲವನ್ನೂ ಅವರು ಕ್ಯಾಲ್ಕುಲೇಟರ್ ಮುಟ್ಟದೆ ಬಾಯಿ ಲೆಕ್ಕದಲ್ಲೇ ತಾಳೆ ನೋಡಿದರು. ಕೇಂದ್ರದ ಮೀಟರಿನಲ್ಲಿ ಬಂದದ್ದೇ ಕೊನೆ, ಇದು ಅಂದಾಜು ಮಾತ್ರ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದರು.

ಆ ದೇವದುರ್ಗದ ರೈತರ ಫೋನ್ ನಂಬರ್ ಅಂಗಡಿ ಪುಸ್ತಕದಲ್ಲಿತ್ತು. ಇವತ್ತು ಸಂಜೆ ನಾನೇ ಮಾಡಿದೆ. ಅವತ್ತು ತಪ್ಪು ನನ್ನ ಪೇಜಿನದು, ನಿಮ್ಮ ಹತ್ತಿಯದಲ್ಲ ಎಂದು ಹೇಳಿದೆ. ಮುಂದಿನ ಬುಧವಾರ ಇನ್ನೂ ಆರು ಅಂಡಿಗೆ ತರುತ್ತಾರಂತೆ.